ಹೇಳಿಕೆ ಇಲ್ಲದೆ ಯಾರು ಬರುತ್ತಾರೆ?

ಮಂಗಳೂರು, ಉಡುಪಿ ಕಡೆ ಯಾವ ಪುಸ್ತಕ ಬಿಡುಗಡೆಗೆ ಹೋದರೂ ಕಾಫಿಯ ಹೊತ್ತಿಗೆ ಯಾರಾದರೊಬ್ಬರು ಹತ್ತಿರ ಬಂದು ಕೇಳುತ್ತಾರೆ. "ಅಕ್ಕ, ನಮ್ಮ ಪುಸ್ತಕದ ಬಗ್ಗೆ ನಾವೇ ಹೇಳಿಕೊಂಡು ತಿರುಗುವುದು ಸರಿಯಾ? ಒಳ್ಳೆಯದಾದ್ರೆ ತನ್ನಷ್ಟಕ್ಕೆ ಹೋಗುವುದಿಲ್ವಾ?" ಕೇಳುವವರು ಹೆಚ್ಚಾಗಿ ಮೊದಲ ಪುಸ್ತಕ ತಂದವರು. ಆ ಸಂಕೋಚ ನನಗೂ ಚೆನ್ನಾಗಿ ಗೊತ್ತು. ನಿಂತಲ್ಲೇ ಹೇಳಿ ಮುಗಿಸುವ ಉತ್ತರ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ತನ್ನಷ್ಟಕ್ಕೆ ಹೋಗುವುದಿಲ್ಲ. ನನ್ನ ಮೊದಲ ಕಥಾ ಸಂಕಲನ 1,000 ಪ್ರತಿ ಅಚ್ಚಾಯಿತು. ಬಿಡುಗಡೆಯ ದಿನ ನೆಂಟರು, ಜೊತೆಗೆ ಕೆಲಸ ಮಾಡುವವರು ಸೇರಿ 80 ಪ್ರತಿ ತೆಗೆದುಕೊಂಡರು. ಉಳಿದ ಕಟ್ಟುಗಳು ಮಂಚದ ಕೆಳಗೆ ಹೋದವು. ಯಾರಿಗಾದರೂ ಹೇಳೋಣ ಅಂದರೆ ನಾಚಿಕೆ. ಎರಡು ಮಳೆಗಾಲ ಕಳೆಯುವಾಗ ಕೆಳಗಿನ ಕಟ್ಟುಗಳಿಗೆ ಬೂಷ್ಟು ಹಿಡಿದಿತ್ತು. ಕಥೆಗಳು ಚೆನ್ನಾಗಿಲ್ಲ ಎಂದು ಯಾರೂ ಹೇಳಲಿಲ್ಲ. ಹೇಳಬೇಕಾದರೆ ಓದಿರಬೇಕಲ್ಲ.

ನಮ್ಮ ಊರಿನಲ್ಲಿ ಮದುವೆಗೆ ಕರೆಯುವುದಕ್ಕೆ 'ಹೇಳಿಕೆ' ಅನ್ನುತ್ತೇವೆ. ಮನೆ ಮನೆಗೆ ಹೋಗಿ, ಕಾಗದ ಕೊಟ್ಟು, ಇಂಥ ದಿನ, ಇಂಥ ಕಡೆ, ಎಲ್ಲರೂ ಬರಬೇಕು ಎಂದು ಹೇಳಿ ಬರುತ್ತೇವೆ. ಅದನ್ನು ಯಾರೂ ಜಂಬ ಅನ್ನುವುದಿಲ್ಲ. ಹೇಳದಿದ್ದರೇ ಬೇಸರ ಮಾಡಿಕೊಳ್ಳುತ್ತಾರೆ. ಹಾಗಂತ ಹೇಳಿಕೆಗೆ ಹೋದವರು ಅಡುಗೆ ಎಷ್ಟು ರುಚಿ ಎಂದು ವರ್ಣಿಸುತ್ತಾ ಕೂರುವುದಿಲ್ಲ. ಅದು ಉಂಡವರು ಹೇಳಬೇಕಾದ ಮಾತು. ಪುಸ್ತಕದ ವಿಷಯದಲ್ಲೂ ನಾನು ಗೆರೆ ಎಳೆಯುವುದು ಇಲ್ಲೇ. ಹೇಳಿಕೆ ನಮ್ಮ ಕೆಲಸ. ಹೊಗಳಿಕೆ ಅಲ್ಲ.

ಈ ಮಾತು ಬಂದಾಗಲೆಲ್ಲ ನನಗೆ ಕವಿ ಮುದ್ದಣ ನೆನಪಾಗುತ್ತಾರೆ. ಕಾರ್ಕಳದ ಹತ್ತಿರದ ನಂದಳಿಕೆಯವರು, 1870ರಲ್ಲಿ ಹುಟ್ಟಿದವರು. ಉಡುಪಿಯಲ್ಲಿ ವ್ಯಾಯಾಮ ಕಲಿಸುವ ಮೇಷ್ಟ್ರಾಗಿದ್ದರು. ಬರೆದ ಕಾವ್ಯಗಳನ್ನು ತಮ್ಮದು ಎಂದು ಹೇಳಿಕೊಳ್ಳಲಿಲ್ಲ. ಯಾರೋ ಹಳೆಯ ಕವಿಯ ಕೃತಿ ಸಿಕ್ಕಿದೆ ಎಂಬಂತೆ ಮೈಸೂರಿಗೆ ಕಳಿಸಿದರು. ಅಲ್ಲಿ ಕಾವ್ಯಮಂಜರಿ ಪತ್ರಿಕೆಯಲ್ಲಿ ಅಚ್ಚಾಯಿತು. ನಿಜ ಎಲ್ಲರಿಗೂ ಗೊತ್ತಾದದ್ದು ಅವರು ತೀರಿಕೊಂಡ ಮೇಲೆ.

"ನೋಡಿ, ಪ್ರಚಾರ ಇಲ್ಲದೆಯೇ ಉಳಿದರಲ್ಲ" ಎಂದು ಇದನ್ನೇ ನನಗೆ ತಿರುಗಿಸಿ ಹೇಳಿದವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಅವರು ಮುಚ್ಚಿಟ್ಟದ್ದು ಹೆಸರನ್ನು, ಪುಸ್ತಕವನ್ನಲ್ಲ. ಹಳೆಯ ಕಾವ್ಯಗಳನ್ನು ಹುಡುಕಿ ಅಚ್ಚು ಹಾಕುವವರು ಎಲ್ಲಿದ್ದಾರೆ ಎಂದು ತಿಳಿದು, ಸರಿಯಾಗಿ ಅವರ ಕೈಗೇ ಮುಟ್ಟಿಸಿದರು. ಆಮೇಲೆ ಅವರ ರಾಮಾಶ್ವಮೇಧದಲ್ಲಿ ಬರುವ ಮುದ್ದಣ ಮನೋರಮೆಯರ ಮಾತುಕತೆ ಶಾಲೆಯ ಪಠ್ಯಕ್ಕೂ ಬಂತು. ಸುಮ್ನೆ ಮನೆಯಲ್ಲೇ ಇಟ್ಟಿದ್ದರೆ ಇದೆಲ್ಲ ಆಗುತ್ತಿತ್ತಾ? ಆದರೆ ಒಂದು ಮಾತ್ರ ನನಗೆ ತಡೆಯಲಾಗದ ಸಂಕಟ. 1901ರಲ್ಲಿ ಕ್ಷಯದಿಂದ ತೀರಿಕೊಂಡಾಗ ಅವರಿಗೆ ಸುಮಾರು 31 ವರ್ಷ. ಅಚ್ಚಾದದ್ದನ್ನು ಓದಿ ಖುಷಿಪಟ್ಟವರಿಗೆ, ಇದು ನಿಮ್ಮದಲ್ವಾ, ಎಷ್ಟು ಚೆನ್ನಾಗಿದೆ ಎಂದು ಅವರಿಗೇ ಹೇಳುವ ದಾರಿ ಇರಲಿಲ್ಲ.

ಅತ್ತ ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಇತ್ತ ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯವನ್ನೇ ಇಟ್ಟರು. ಅವರಿಗಿಲ್ಲದ ನಾಚಿಕೆ ನಮಗೆ ಯಾಕೆ?

ಹಾಗಾದರೆ ಹೇಳಿದ ಪುಸ್ತಕವೆಲ್ಲ ಜನಪ್ರಿಯ ಆಗುತ್ತದಾ? ಅದೂ ಇಲ್ಲ. ಅಮೆರಿಕದಲ್ಲಿ ಸಾಲ್ಗಾನಿಕ್, ಡಾಡ್ಸ್, ವಾಟ್ಸ್ ಎಂಬ ಮೂವರು ಸಂಶೋಧಕರು 2006ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಹಾಡುಗಳ ಮೇಲೆ ಮಾಡಿದ್ದು. 14,000ಕ್ಕೂ ಜಾಸ್ತಿ ಜನ, ಹೆಸರು ಕೇಳದ ತಂಡಗಳ 48 ಹಾಡು. ಕೆಲವರು ಬೇರೆಯವರ ಆಯ್ಕೆ ಗೊತ್ತಿಲ್ಲದೆ ಹಾಡು ಆರಿಸಿದರು. ಉಳಿದವರನ್ನು 8 ಗುಂಪು ಮಾಡಿ, ಅವರವರ ಗುಂಪಿನಲ್ಲಿ ಯಾವ ಹಾಡನ್ನು ಎಷ್ಟು ಜನ ತೆಗೆದುಕೊಂಡಿದ್ದಾರೆ ಎಂದು ತೋರಿಸಿದರು. ಒಂದು ಗುಂಪಿನಲ್ಲಿ ಮೊದಲ ಸ್ಥಾನಕ್ಕೆ ಬಂದ ಹಾಡು ಇನ್ನೊಂದರಲ್ಲಿ 40ನೆಯ ಸ್ಥಾನದಲ್ಲಿತ್ತು! ತುಂಬಾ ಒಳ್ಳೆಯ ಹಾಡುಗಳು ಪೂರ್ತಿ ಮುಳುಗಿದ್ದು ಕಡಿಮೆ, ತೀರಾ ಸಾಧಾರಣವಾದವು ಮೇಲೇರಿದ್ದೂ ಕಡಿಮೆ. ನಡುವಿನವುಗಳಿಗೆ ಏನು ಬೇಕಾದರೂ ಆಗುತ್ತಿತ್ತು. ಮೊದಲು ಬಂದ ಕೆಲವರು ಯಾವುದನ್ನು ಎತ್ತಿಕೊಂಡರೋ ಹಿಂದೆ ಬಂದವರ ಕೈ ಅತ್ತಲೇ ಹೋಗುತ್ತಿತ್ತು.

ಪುಸ್ತಕ ಓಡಲಿಲ್ಲ ಎಂದು ಅಳುವವರಿಗೆ ನಾನು ಇದನ್ನು ಹೇಳುತ್ತೇನೆ. ಅದೃಷ್ಟದ ಪಾಲು ದೊಡ್ಡದು, ಅದನ್ನು ನಿಮ್ಮ ಬರವಣಿಗೆಯ ಮಾರ್ಕ್ಸ್ ಅಂದುಕೊಳ್ಳಬೇಡಿ. ಆದರೆ ಮೊದಲು ಬರುವ ಆ ಕೆಲವರನ್ನು ಹುಡುಕುವುದು ನಮ್ಮ ಕೈಯಲ್ಲಿದೆ. ದಿನಾ ಐವತ್ತು ವಾಟ್ಸಾಪ್ ಗುಂಪುಗಳಿಗೆ ಮುಖಪುಟ ಕಳಿಸಿದರೆ ಅವರು ಸಿಗುವುದಿಲ್ಲ. ಜನ ನೋಡದೆ ಅಳಿಸುತ್ತಾರೆ. ನೀವು ನನ್ನದನ್ನು ಹೊಗಳಿ, ನಾನು ನಿಮ್ಮದನ್ನು ಹೊಗಳುತ್ತೇನೆ ಎಂಬ ಒಪ್ಪಂದವೂ ಬೇಡ. ಓದುಗರಿಗೆ ಅದು ಬೇಗ ತಿಳಿಯುತ್ತದೆ.

ಎರಡನೆಯ ಪುಸ್ತಕ 500 ಪ್ರತಿ ಮಾತ್ರ ಅಚ್ಚು ಹಾಕಿಸಿದೆ. ಬೀಡಿ ಕಟ್ಟುವ ಮನೆಗಳ ಕಥೆಗಳು. ಈ ಸಲ ಯಾರು ಓದಬೇಕು ಎಂದು ಕೂತು ಯೋಚಿಸಿದೆ. ಅಮ್ಮ ಬೀಡಿ ಕಟ್ಟಿ ಓದಿಸಿದ ಮಕ್ಕಳು ನಮ್ಮ ಜಿಲ್ಲೆಯಲ್ಲಿ ಎಷ್ಟಿದ್ದಾರೆ! ಗೊತ್ತಿದ್ದ 30 ಜನರಿಗೆ ಕಾಗದ ಬರೆದೆ. ಪುಸ್ತಕದಲ್ಲಿ ಏನಿದೆ ಎಂದಷ್ಟೇ ಬರೆದೆ. ಅವರಲ್ಲೊಬ್ಬರು ತಮ್ಮ ಊರಿನ ಗ್ರಂಥಾಲಯಕ್ಕೆ ಕರೆದರು. ಹದಿನೈದಿಪ್ಪತ್ತು ಹೆಂಗಸರು ಬಂದಿದ್ದರು. ಒಂದು ಕಥೆ ಓದಿದೆ. ಮುಗಿಯುವ ಮೊದಲೇ, ಕಟ್ಟಿ ತಂದ ಬೀಡಿಯಲ್ಲಿ ಸರಿಯಿಲ್ಲದ್ದನ್ನು ಕಂಪೆನಿಯವರು ತಿರುಗಿಸಿ ಕೊಡುವ ಕಡೆ ಬಂದಾಗ, ಒಬ್ಬರು ತಡೆದರು. "ಬ್ರಾಂಚಿನಲ್ಲಿ ಬೀಡಿ ವಾಪಸ್ ಹಾಕುವುದು ಹಾಗಲ್ಲ ಮೇಡಂ" ಎಂದು ತಡ್ಪೆ (ಮೊರ) ಹಿಡಿದವರಂತೆ ಕೈ ಮಾಡಿ ತೋರಿಸಿದರು. ಉಳಿದವರೂ ಮಾತಿಗೆ ಸೇರಿದರು. ಒಂದು ಗಂಟೆ ಹೋದದ್ದೇ ಗೊತ್ತಾಗಲಿಲ್ಲ. ಆ ದಿನ ಹೋದದ್ದು 11 ಪ್ರತಿ.

ತಿಂಗಳ ಮೇಲೆ ಬಂಟ್ವಾಳದಿಂದ ಫೋನ್ ಬಂತು. ಅತ್ತಿಗೆಯ ಮನೆಯಲ್ಲಿ ಪುಸ್ತಕ ನೋಡಿದ್ದರಂತೆ. ನನ್ನ ಹೆಸರು ಅವರಿಗೆ ನೆನಪಿರಲಿಲ್ಲ.

"ಆ ಬೀಡಿಯ ಪುಸ್ತಕ ಬರೆದದ್ದು ನೀವಾ?" ಎಂದು ಕೇಳಿದರು.

ಹೌದು ಎಂದೆ.

"ಅಕ್ಕತಂಗಿಯರು ನಾಲ್ಕು ಜನ ಇದ್ದೇವೆ. ನಾಲ್ಕು ಕಳಿಸಿ" ಎಂದರು.