ಕಿನ್ನಾಳದ ಗೊಂಬೆ ಬೇಕಿದ್ದರೆ ಕಿನ್ನಾಳಕ್ಕೇ ಹೋಗಿ

ಹಂಪಿ ಕಡೆಯ ಅಂಗಡಿಯೊಂದರಲ್ಲಿ ಅಪ್ಪಟ ಕಿನ್ನಾಳದ ಮರದ ಗೊಂಬೆ ಎಂದು ಆಣೆ ಮಾಡಿ ನಮಗೆ ಮಾರಿದ ಗರುಡ, ಕೊಪ್ಪಳ ತಲುಪುವುದರೊಳಗೆ ರೆಕ್ಕೆ ಮುರಿದುಕೊಂಡಿತು. ಒಳಗೆ ಮರವೇ ಇಲ್ಲ, ಬರೀ ಬಿಳಿ ಪ್ಲಾಸ್ಟರ್. ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ಕಲೆಯ ಹೆಸರಿನಲ್ಲಿ ಅಚ್ಚಿನ ಗೊಂಬೆ ಮಾರುವುದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕೊಪ್ಪಳದಿಂದ ಕಿನ್ನಾಳ 12–13 ಕಿಲೋಮೀಟರ್. ಟಂಟಂ ಆಟೊ ಹತ್ತಬೇಡಿ. ಜನ ತುಂಬುವವರೆಗೆ ನಮ್ಮನ್ನು ಬಿಸಿಲಿನಲ್ಲಿ ಕೂರಿಸಿದ ಚಾಲಕ, ಇಳಿಯುವಾಗ ಊರಿನವರಿಗಿಂತ ದುಪ್ಪಟ್ಟು ವಸೂಲಿ ಮಾಡಿದ. ತಡವಾದರೂ ಬಸ್ಸೇ ವಾಸಿ.

ಊರಿನಲ್ಲಿ ಸಾಲು ಮಳಿಗೆಗಳನ್ನು ಹುಡುಕಬೇಡಿ. ಗೊಂಬೆ ಮಾಡುವ ಚಿತ್ರಗಾರರ ಮನೆ ಯಾವುದು ಎಂದು ಕೇಳಿ. ಹಂಪಿಯ ವಿರೂಪಾಕ್ಷ ಗುಡಿಯ ಚಾವಣಿಗೆ ಚಿತ್ರ ಬರೆದವರು ಇವರ ಹಿರಿಯರೇ ಎಂಬ ನಂಬಿಕೆ ಇದೆ. ನಾವು ಹೋದಾಗ ಪಡಸಾಲೆಯಲ್ಲಿ ಕೂತ ಅಜ್ಜ, ಹುಣಸೆಬೀಜದ ಅಂಟಿನಲ್ಲಿ ಅದ್ದಿದ ಬಟ್ಟೆಯ ಚೂರನ್ನು ಗೌರಿಯ ಭುಜಕ್ಕೆ ಹಚ್ಚಿ, ಸುಕ್ಕು ಉಳಿಯದಂತೆ ಹೆಬ್ಬೆರಳಿನಿಂದ ಸವರುತ್ತಿದ್ದರು. ಹಗುರ ಮರದಲ್ಲಿ ಕೆತ್ತಿದ ಕೈಕಾಲುಗಳನ್ನು ಬೇರೆಬೇರೆಯಾಗಿ ಮಾಡಿ ಜೋಡಿಸುತ್ತಾರೆ. ಮೇಲೆ ಬಟ್ಟೆ, ಅದರ ಮೇಲೆ ಕಲ್ಲುಪುಡಿಯ ಲೇಪ, ಕೊನೆಗೆ ಬಣ್ಣ. ಸರ, ಡಾಬುಗಳನ್ನೂ ಅದೇ ಲೇಪದಿಂದ ಉಬ್ಬಿಸುತ್ತಾರೆ. ನಮ್ಮ ಮುರಿದ ಗರುಡನನ್ನು ತೋರಿಸಿದಾಗ ಅಜ್ಜ ತಮ್ಮದೊಂದನ್ನು ನನ್ನ ಕೈಗಿಟ್ಟು, "ಎತ್ತಿ ನೋಡವ್ವ, ಭಾರ ಇದ್ದರೆ ನಮ್ಮದಲ್ಲ" ಎಂದರು. ಕೊಳ್ಳುವಾಗ ತಳದಲ್ಲಿ ಬಣ್ಣ ತಾಗದ ಜಾಗವನ್ನೂ ನೋಡಿ, ಮರ ಕಾಣಬೇಕು. ಚನ್ನಪಟ್ಟಣದ ಅರಗಿನ ಹೊಳಪನ್ನು ಇಲ್ಲಿ ಹುಡುಕಬಾರದು, ಆ ಕಸುಬೇ ಬೇರೆ. ಬೆಲೆ ಹೆಚ್ಚೆನಿಸಿದರೂ ಚೌಕಾಸಿಗೆ ನನಗೆ ಮನಸ್ಸು ಬರಲಿಲ್ಲ. ದೊಡ್ಡ ಮೂರ್ತಿ ಬೇಕಾದವರು ಮುಂಚೆಯೇ ಹೇಳಿ ಮಾಡಿಸಬೇಕು.

ಊಟಕ್ಕೆ ಕೊಪ್ಪಳಕ್ಕೇ ಬನ್ನಿ. ಬಸ್ ನಿಲ್ದಾಣದ ಹಿಂದಿನ ಓಣಿಯ ಸಣ್ಣ ಖಾನಾವಳಿಯಲ್ಲಿ ಒಲೆಯಿಂದ ನೇರವಾಗಿ ತಟ್ಟೆಗೆ ಬೀಳುವ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಮಡಕೆಕಾಳು, ಗುರೆಳ್ಳು ಪುಡಿಗೆ ಗಟ್ಟಿ ಮೊಸರು. ಬಡಿಸುವ ಅಕ್ಕ ಸಾಕೆಂದರೂ ಬಿಡದೆ ಇನ್ನೊಂದು ರೊಟ್ಟಿ ಹಾಕಿದರು, ಅದಕ್ಕೆ ದುಡ್ಡು ಹಿಡಿಯಲಿಲ್ಲ. ಸಂಜೆ ತಳ್ಳುಗಾಡಿಯ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನದೆ ಊರು ಬಿಡಬೇಡಿ.

ವಸತಿಯ ಬಗ್ಗೆ ಒಂದೇ ಮಾತು: ಸಾಮಾನ್ಯವಾಗಿ ಜನವರಿಯಲ್ಲಿ ಬರುವ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಲಕ್ಷಾಂತರ ಜನ ಸೇರುತ್ತಾರೆ. ನನ್ನಂತೆ ನೂಕುನುಗ್ಗಲು ಸಹಿಸದವರು ಆ ದಿನಗಳನ್ನು ಬಿಟ್ಟು ಹೋಗಿ, ಗೊಂಬೆ ಸುತ್ತಿಕೊಳ್ಳಲು ಮನೆಯಿಂದಲೇ ಹಳೆಯ ಸೀರೆ ಒಯ್ಯಿರಿ.