ಮಾವೆಯ್ ಹಡಗುಕಟ್ಟೆಯ ಪಾಠಶಾಲೆ

ಚೀನಾದ ಫೂಝೌ ನಗರದಿಂದ ಮಿನ್ ನದಿಯ ಹರಿವಿನ ಜೊತೆಗೇ ಸಾಗಿ ಮಾವೆಯ್ ಬಂದರನ್ನು ತಲುಪಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಏಳಂತಸ್ತಿನ ಲುವೊಶಿಂಗ್ ಕಲ್ಲುಗೋಪುರ. ಚಹಾ ಒಯ್ಯಲು ಬರುತ್ತಿದ್ದ ಹಾಯಿಹಡಗುಗಳು ಹಿಂದೆ ಇದರ ಬಳಿಯೇ ಲಂಗರು ಹಾಕುತ್ತಿದ್ದವು. ನಾನು ಬಂದದ್ದು ಸಮೀಪದ ಹಳೆಯ ಹಡಗುಕಟ್ಟೆಯನ್ನು ನೋಡಲು.

ಅಫೀಮು ಯುದ್ಧಗಳಲ್ಲಿ ಸೋತ ಚಿಂಗ್ ಸಾಮ್ರಾಜ್ಯವು ಉಗಿಹಡಗುಗಳನ್ನು ಕೊಂಡರಷ್ಟೇ ಸಾಲದು, ಕಟ್ಟುವುದನ್ನೂ ಕಲಿಯಬೇಕು ಎಂದು ವಾದಿಸಿ 1866ರಲ್ಲಿ ಇದಕ್ಕೆ ಅನುಮತಿ ಪಡೆದವರು ಪ್ರಾಂತಾಧಿಪತಿ ಝುವೊ ಝೊಂಗ್‌ಟಾಂಗ್. ಮುಂದೆ ಶೆನ್ ಬಾವೊಝೆನ್ ಆಡಳಿತ ವಹಿಸಿಕೊಂಡರು. ಫ್ರಾನ್ಸಿನ ಪ್ರಾಸ್ಪರ್ ಝಿಕೆಲ್ ಯುರೋಪಿನ ಕುಶಲಕರ್ಮಿಗಳನ್ನು ಕರೆತಂದರು. ಕಟ್ಟೆಯ ಜೊತೆಯಲ್ಲೇ ಶಾಲೆಯೂ ಹುಟ್ಟಿತು. ಹಡಗು ನಿರ್ಮಾಣದವರಿಗೆ ಪಾಠ ಫ್ರೆಂಚಿನಲ್ಲಿ, ನೌಕಾಯಾನದವರಿಗೆ ಇಂಗ್ಲಿಷಿನಲ್ಲಿ. ಊಟ, ವಸತಿಯಲ್ಲದೆ ತಿಂಗಳಿಗೆ ನಾಲ್ಕು ತೇಲ್ (ಚೀನೀ ತೂಕದ ಅಳತೆ) ಬೆಳ್ಳಿಯೂ ಸಿಗುತ್ತಿದ್ದುದರಿಂದ, ಸಾಂಪ್ರದಾಯಿಕ ಓದಿನ ಖರ್ಚನ್ನು ಭರಿಸಲಾಗದ ಮನೆಗಳ ಹುಡುಗರು ಬಂದರು. ಪ್ರವೇಶ ಪರೀಕ್ಷೆಯಲ್ಲಿ ಮಾತ್ರ ಕೇಳಿದ್ದು ಮಾತಾಪಿತೃಭಕ್ತಿಯ ಕುರಿತ ಪ್ರಬಂಧವನ್ನು. ಆಗಷ್ಟೇ ತಂದೆಯನ್ನು ಕಳೆದುಕೊಂಡಿದ್ದ ಯಾನ್ ಫೂ ಎಂಬ ಹುಡುಗ ಮೊದಲಿಗನಾದ.

ಕಟ್ಟೆಯ ನಕ್ಷಾಲಯ ಇಂದಿಗೂ ನಿಂತಿದೆ. ಅದರ ಇಟ್ಟಿಗೆ ಗೋಡೆಯ ಮೇಲೆ ಕೈಯಿಟ್ಟೆ, ಬಿಸಿಲಿಗೆ ಕಾದಿತ್ತು. ಕುಂಚ ಹಿಡಿದು ಅಕ್ಷರ ತಿದ್ದಿದ್ದ ಬೆರಳುಗಳು ಇಲ್ಲಿ ಅಡಿಪಟ್ಟಿ, ಕೈವಾರ ಹಿಡಿದು ಯಂತ್ರದ ಭಾಗಗಳನ್ನು ಅಳತೆಗೆ ಸರಿಯಾಗಿ ಬರೆದವಲ್ಲ ಎಂಬ ಯೋಚನೆಯೇ ನನ್ನನ್ನು ಬಹಳ ಹೊತ್ತು ಅಲ್ಲಿ ನಿಲ್ಲಿಸಿತು. ಮೊದಲ ಹಡಗು 'ವಾನ್‌ನಿಯಾನ್‌ಚಿಂಗ್' 1869ರಲ್ಲಿ ನೀರಿಗಿಳಿಯಿತು. 1884ರ ಆಗಸ್ಟ್ 23ರಂದು ಫ್ರೆಂಚ್ ನೌಕಾಪಡೆ ಇದೇ ನದಿಯಲ್ಲಿ ಚೀನಾದ ಫೂಜಿಯಾನ್ ಪ್ರಾಂತದ ಹಡಗುಪಡೆಯನ್ನು ಒಂದು ಗಂಟೆಯೊಳಗೆ ನಾಶಮಾಡಿತು. ಮಡಿದವರಿಗಾಗಿ ಕಟ್ಟಿದ ಸ್ಮಾರಕ ಮಂದಿರದಲ್ಲಿ ಯಾರ ಜೊತೆಗೂ ಮಾತು ಬೇಡವೆನಿಸಿತು.

ಮರುದಿನ ಫೂಝೌ ನಗರದ ಲಾಂಗ್‌ಗ್ವಾನ್ ಗಲ್ಲಿಯಲ್ಲಿರುವ ಯಾನ್ ಫೂ ಅವರ ಮನೆಗೆ ಹೋದೆ. 1877ರಲ್ಲಿ ಇಂಗ್ಲೆಂಡಿಗೆ ತೆರಳಿ ಗ್ರೀನಿಚ್‌ನಲ್ಲಿ ಓದಿ ಬಂದು, ತಿಯಾನ್‌ಜಿನ್‌ನ ನೌಕಾಶಾಲೆಯಲ್ಲಿ ಕಲಿಸುತ್ತಿದ್ದ ಈ ವಿದ್ವಾಂಸರು, 1885ರಿಂದ 1893ರವರೆಗೆ ಸರ್ಕಾರಿ ಅಧಿಕಾರಿಗಳನ್ನು ಆರಿಸುವ ಹಳೆಯ ಪದ್ಧತಿಯ ಪ್ರಾಂತೀಯ ಪರೀಕ್ಷೆಗೆ ನಾಲ್ಕು ಸಲ ಕುಳಿತು ನಾಲ್ಕು ಸಲವೂ ಸೋತರು. ತಾಂತ್ರಿಕ ವಿದ್ಯೆ ಹೊಟ್ಟೆಗೆ ಅನ್ನ ಕೊಡುತ್ತಿತ್ತೇ ಹೊರತು ಅಧಿಕಾರವರ್ಗದಲ್ಲಿ ಸಮಾನ ಮರ್ಯಾದೆಯನ್ನು ತಂದುಕೊಡುತ್ತಿರಲಿಲ್ಲ. ಶಾಲೆಗಳ ಕೊರತೆಗಿಂತ ಈ ಅಗೌರವವೇ ದೊಡ್ಡ ತೊಡಕಾಗಿತ್ತೆಂಬುದು ನನ್ನ ದೃಢ ಅಭಿಪ್ರಾಯ. ಆ ಪರೀಕ್ಷಾ ಪದ್ಧತಿ 1905ರಲ್ಲಿ ರದ್ದಾಯಿತು. ಅದಾಗಿ ಕೆಲವು ವರ್ಷಗಳ ಬಳಿಕ ಅದೇ ಚಿಂಗ್ ಆಸ್ಥಾನ ಯಾನ್ ಫೂ ಅವರಿಗೆ, ಪರೀಕ್ಷೆಯಿಲ್ಲದೆಯೇ, ಅತ್ಯುನ್ನತವಾದ 'ಜಿನ್‌ಶಿ' ಪದವಿಯನ್ನು ನೀಡಿತು.