ಪ್ಯಾರಿಸ್‌ನಲ್ಲಿ ಬಾಬಿನ್ಸ್ಕಿಯ ಜಾಡು ಹಿಡಿದು

ಮೆಟ್ರೋ 5ನೇ ಲೈನಿನ ಸಾಂ-ಮಾರ್ಸೆಲ್ ನಿಲ್ದಾಣದಲ್ಲಿ ಇಳಿದರೆ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ಹಳೇ ಹೆಬ್ಬಾಗಿಲು ನಾಲ್ಕು ಹೆಜ್ಜೆಯ ದೂರ. ನರರೋಗ ವೈದ್ಯ ಜೋಸೆಫ್ ಬಾಬಿನ್ಸ್ಕಿಯನ್ನು ಹುಡುಕಿಕೊಂಡು ಬರುವವರು ನೇರ ಇಲ್ಲಿಗೇ ಬರುತ್ತಾರೆ, ಎಡವುವುದೂ ಇಲ್ಲೇ. ಎಂಬಿಬಿಎಸ್ ಓದಿದ ಪ್ರತಿಯೊಬ್ಬರ ಬಾಯಲ್ಲೂ ಇರುವ, ಅಂಗಾಲು ಗೀರಿದಾಗ ಕಾಲಿನ ಹೆಬ್ಬೆರಳು ಮೇಲೇಳುವ ಆ ಚಿಹ್ನೆಯನ್ನು 1896ರ ಫೆಬ್ರುವರಿಯಲ್ಲಿ ವರದಿ ಮಾಡಿದಾಗ ಆತ ಇದ್ದದ್ದು ಪಿಟಿಯೇ ಎಂಬ ಬೇರೆ ಆಸ್ಪತ್ರೆಯಲ್ಲಿ. ಎರಡೂ ಒಂದಾದದ್ದು 1964ರಲ್ಲಷ್ಟೆ. ಹಳೇ ಪಿಟಿಯೇ ಇದ್ದದ್ದು ಜಾರ್ದಾಂ ದೆ ಪ್ಲಾಂತ್ ತೋಟದ ಆಚೆ ಬದಿಗೆ. ಅದನ್ನು ಕೆಡವಿದ ಜಾಗದಲ್ಲಿ ಈಗ ಪ್ಯಾರಿಸ್ಸಿನ ದೊಡ್ಡ ಮಸೀದಿ ಇದೆ.

ಬಂದದ್ದಾಯಿತು, ಸಾಲ್ಪೆಟ್ರಿಯೇರನ್ನೂ ನೋಡಿಯೇ ಬಿಡಿ. ಬಾಗಿಲ ಮುಂದೆ ಮನೋರೋಗ ವೈದ್ಯ ಪಿನೆಲ್ ಪ್ರತಿಮೆ ಇದೆ. ಇಲ್ಲಿನ ಹೆಸರಾಂತ ನರರೋಗ ವೈದ್ಯ ಶಾರ್ಕೋ ಪ್ರತಿಮೆಯೂ ಇತ್ತು, ಎರಡನೇ ಮಹಾಯುದ್ಧದಲ್ಲಿ ಅದನ್ನು ಕಂಚಿಗಾಗಿ ಕರಗಿಸಿಬಿಟ್ಟರು. ಎಂಟು ಮೂಲೆಯ ಗುಮ್ಮಟದ ಚಾಪೆಲ್ ಚೆನ್ನಾಗಿದೆ. ಆದರೆ ಇದು ಈಗಲೂ ನಡೆಯುತ್ತಿರುವ ಆಸ್ಪತ್ರೆ. ಕ್ಯಾಮೆರಾ ಚೀಲದೊಳಗೇ ಇರಲಿ.

ಬಾಬಿನ್ಸ್ಕಿ 1885ರಲ್ಲಿ ಶಾರ್ಕೋ ಕೈಕೆಳಗೆ ಸೇರಿದ್ದು ಇಲ್ಲಿ. ಆ ದಿನಗಳ ಚಿತ್ರ ಸೆನ್ ನದಿಯ ಎಡದಂಡೆಯಲ್ಲಿ, ಹಳೇ ಮೆಡಿಕಲ್ ಕಾಲೇಜಿನ ಕಟ್ಟಡದಲ್ಲಿದೆ. 1887ರಲ್ಲಿ ಬ್ರುಯೆ ಬರೆದದ್ದು, ಸುಮಾರು 4.3 ಮೀಟರ್ ಅಗಲ. ಶಾರ್ಕೋ ಪಾಠ ಮಾಡುತ್ತಿದ್ದಾರೆ, ಹಿಸ್ಟೀರಿಯಾ ರೋಗಿ ಬ್ಲಾಂಶ್ ವಿಟ್ಮನ್ ಮೈಮರೆತು ಹಿಂದಕ್ಕೆ ವಾಲಿದ್ದಾಳೆ, ಅವಳನ್ನು ಹಿಡಿದುಕೊಂಡಿರುವ ಗಡ್ಡದವನೇ ಬಾಬಿನ್ಸ್ಕಿ. ಚಿತ್ರ ಪ್ರಸಿದ್ಧವೇ ಇರಬಹುದು, ಒಳಗಿರುವುದು ಮಾತ್ರ ನಾಟಕ: ಸುತ್ತ ಕುಳಿತ ಗಂಡಸರ ಗುಂಪು, ನಡುವೆ ಒಬ್ಬ ಹೆಣ್ಣು. ಕಟ್ಟಡ ವಿಶ್ವವಿದ್ಯಾಲಯದ್ದು, ಬಾಗಿಲು ತೆರೆದಿರುತ್ತದೆಯೇ ಎಂದು ಮೊದಲೇ ವಿಚಾರಿಸದೆ ಹೋದರೆ ಬೀಗ ನೋಡಿಕೊಂಡು ಬರಬೇಕಾದೀತು.

1892ರಲ್ಲಿ ಆತ ಪ್ರೊಫೆಸರ್ ಪದವಿಯ ದಾರಿಯಾದ ಆಗ್ರೆಗಾಸಿಯೋಂ ಪರೀಕ್ಷೆಗೆ ಕುಳಿತ. ತೀರ್ಪುಗಾರರ ಮುಖ್ಯಸ್ಥ ಬುಶಾರ್‌ಗೂ ಶಾರ್ಕೋಗೂ ಆಗಿಬರುತ್ತಿರಲಿಲ್ಲ. ಶಿಷ್ಯ ಫೇಲಾದ, ಮತ್ತೆಂದೂ ಪ್ರಯತ್ನಿಸಲಿಲ್ಲ. 1895ರಿಂದ 1922ರವರೆಗೆ ಪಿಟಿಯೇ ವಾರ್ಡಿನ ಮುಖ್ಯಸ್ಥನಾಗಿಯೇ ಇದ್ದ. ನಮ್ಮ ಲೆಕ್ಕದಲ್ಲಿ ಒಳ್ಳೆಯದೇ ಆಯಿತು: ಉಪನ್ಯಾಸದ ಕುರ್ಚಿ ಸಿಗದವನಿಗೆ ರೋಗಿಯ ಕಾಲ ಬಳಿ ನಿಲ್ಲಲು ಪುರಸೊತ್ತು ಸಿಕ್ಕಿತು.

ತೋಟ ದಾಟಿ ಮಸೀದಿಗೆ ನಡೆದೇ ಹೋಗಬಹುದು. ಅಲ್ಲಿನ ಕೆಫೆಯಲ್ಲಿ ಸಣ್ಣ ಗಾಜಿನ ಲೋಟದಲ್ಲಿ ಪುದೀನಾ ಚಹಾ ಕೊಡುತ್ತಾರೆ, ಸಕ್ಕರೆ ವಿಪರೀತ. ಆ 28 ಸಾಲಿನ ವರದಿ ಹುಟ್ಟಿದ ಜಾಗದಲ್ಲಿ ಕುಳಿತು ಅದನ್ನು ಒಮ್ಮೆ ನೆನೆಯಬೇಕು. ಆ ಚಿಹ್ನೆಯ ಪರೀಕ್ಷೆಗೆ ಬೇಕಾದದ್ದು ಒಂದು ಬೀಗದ ಕೈ ಅಥವಾ ವೈದ್ಯರ ಸುತ್ತಿಗೆಯ ಮೊಂಡು ಹಿಡಿ, ಅಷ್ಟೆ. ರೋಗಿ ಅಂಗಾತ ಮಲಗಿರಬೇಕು, ಕಾಲು ನೀಡಿ ಸಡಿಲ ಬಿಟ್ಟಿರಬೇಕು, ಪಾದ ಬೆಚ್ಚಗಿರಬೇಕು. ಹಿಮ್ಮಡಿಯ ಹೊರ ಅಂಚಿನಿಂದ ಶುರುಮಾಡಿ, ಅಂಗಾಲಿನ ಹೊರಬದಿಯಲ್ಲೇ ನಿಧಾನಕ್ಕೆ ಗೀರುತ್ತ ಕಿರುಬೆರಳ ಬುಡಕ್ಕೆ ಬಂದು, ಅಲ್ಲಿಂದ ಒಳಕ್ಕೆ ತಿರುಗಿಸಿ ಹೆಬ್ಬೆರಳ ಬುಡ ಮುಟ್ಟುವ ಮುಂಚೆ ನಿಲ್ಲಿಸಬೇಕು. ಬೆರಳುಗಳು ಕೆಳಗೆ ಮಡಚಿದರೆ ಸರಿ. ಹೆಬ್ಬೆರಳು ಮೆಲ್ಲಗೆ ಮೇಲೆದ್ದರೆ ಮೆದುಳಿನಿಂದ ಬೆನ್ನುಹುರಿಗೆ ಇಳಿಯುವ ಪಿರಮಿಡಲ್ ನರಪಥಕ್ಕೆ ಏಟು ಬಿದ್ದಿದೆ ಎಂದರ್ಥ. ನೋಡಬೇಕಾದದ್ದು ಮೊದಲ ಚಲನೆ.

ಕೈಕೊಡುವುದು ಬಹುಪಾಲು ಇಲ್ಲಿ: ಅಂಗಾಲಿನ ನಡುವೆ ಗೀರಿದರೆ ಕಚಗುಳಿಯಾಗಿ ರೋಗಿ ಕಾಲನ್ನೇ ಎಳೆದುಕೊಳ್ಳುತ್ತಾನೆ, ಆ ಗಡಿಬಿಡಿಯಲ್ಲಿ ಹೆಬ್ಬೆರಳೂ ಮೇಲೇಳುತ್ತದೆ. ಅದು ಚಿಹ್ನೆಯಲ್ಲ. ಮಂಡಿಯ ಪಕ್ಕದ ನರ ಕೆಟ್ಟು ಬೆರಳೆತ್ತುವ ಸ್ನಾಯು ಸೋತಿದ್ದರೆ ಮೆದುಳಿನಲ್ಲಿ ತೊಂದರೆ ಇದ್ದರೂ ಬೆರಳು ಏಳುವುದಿಲ್ಲ. ನಡೆಯಲು ಕಲಿಯದ ಕೂಸುಗಳಲ್ಲಿ ಏಳುವುದು ಸಹಜ.

ಹೆಬ್ಬೆರಳು ಮೇಲೇಳುವುದನ್ನು ಮುಂಚೆಯೂ ಕೆಲವರು ಕಂಡಿದ್ದರು. ಅದರಿಂದ ನಿಜವಾದ ನರಹಾನಿಯನ್ನೂ ಹಿಸ್ಟೀರಿಯಾದ ಪಾರ್ಶ್ವವಾಯುವನ್ನೂ ಬೇರೆ ಮಾಡಬಹುದು ಎಂದು ತೋರಿಸಿದ್ದು ಬಾಬಿನ್ಸ್ಕಿ. ಗುರುವಿನ ನಾಟಕಶಾಲೆಯಲ್ಲಿ ಕಲಿತವನೇ ಅದರ ತೆರೆ ಎಳೆದ. 1903ರಲ್ಲಿ ಬೆರಳುಗಳು ಬೀಸಣಿಗೆಯ ಹಾಗೆ ಅಗಲವಾಗುವುದನ್ನು ಸೇರಿಸಿದ. ಕೈಕಾಲು ಬಿದ್ದಿದ್ದರೂ ‘ನನಗೇನೂ ಆಗಿಲ್ಲ’ ಎನ್ನುವ ರೋಗಿಗಳ ಸ್ಥಿತಿಗೆ 1914ರಲ್ಲಿ ಅನೋಸೊಗ್ನೋಸಿಯಾ ಎಂದು ಹೆಸರಿಟ್ಟ. ಫ್ರಾನ್ಸಿನ ಮೆದುಳು ಶಸ್ತ್ರಚಿಕಿತ್ಸೆಗೆ ಅಡಿಪಾಯ ಹಾಕಿದ ದ ಮಾರ್ತೆಲ್ ಮತ್ತು ಕ್ಲೋವಿಸ್ ವ್ಯಾಂಸಾಂ ಆತನ ಬಳಗದವರೇ.

ಆತ 1932ರಲ್ಲಿ ತೀರಿಕೊಂಡ. ಸಮಾಧಿ ಇರುವುದು ಉತ್ತರಕ್ಕೆ, ಮೊಂಮೊರಾಂಸಿಯ ಶಾಂಪೋ ಸ್ಮಶಾನದಲ್ಲಿ, ಪೋಲೆಂಡ್ ಬಿಟ್ಟು ಬಂದವರ ನಡುವೆ. ಹೆತ್ತವರು ಹಾಗೆ ಬಂದವರೇ. ಮದುವೆಯಾಗದೆ ಅಣ್ಣ ಆಂರಿಯ ಜೊತೆಗೇ ಬಾಳಿದ. ಅಣ್ಣ ಎಂಜಿನಿಯರ್, 1907ರಲ್ಲಿ ಅಲಿ-ಬಾಬ್ ಎಂಬ ಹೆಸರಿನಲ್ಲಿ ಅಡುಗೆ ಪುಸ್ತಕ ಬರೆದವನು. ಗಾರ್ ದು ನೋರ್‌ನಿಂದ ಎಚ್ ಲೈನಿನ ರೈಲು ಹಿಡಿದು ಆಂಗ್ಯಾಂ-ಲೆ-ಬ್ಯಾಂನಲ್ಲಿ ಇಳಿದು ಬಸ್ ಹತ್ತಬೇಕು. ರೈಲಿನ ಬಿಡಿ ಟಿಕೆಟ್ ಬಸ್ಸಿಗೆ ನಡೆಯುವುದಿಲ್ಲ, ಬೇರೆಯದೇ ಕೊಳ್ಳಬೇಕು. ಅದು ಗೊತ್ತಿಲ್ಲದ ಊರಾಚೆಯವರಿಗೆ ದಂಡ ಹಾಕಲು ತಪಾಸಣೆಯವರಿಗೆ ಎಲ್ಲಿಲ್ಲದ ಉತ್ಸಾಹ.